ಗದ್ದೆಯ ಜೇಕು, ಹೊಲದ ಕೊನ್ನಾರಿ

ಒಕ್ಕಲುತನವನ್ನು ಕಾಯಕವಾಗಿ ನಡೆಸಿಕೊಂಡು ಬಂದ ಮನೆತನಗಳಲ್ಲಿ ಜೇಕು ಎಂಬ ಮಾತನ್ನು ಕೇಳದವರು ವಿರಳ. ಮೆಕ್ಕೆಜೋಳದ ಸಾಲಿನಲ್ಲಿ, ಭತ್ತದ ಗದ್ದೆಯಲ್ಲಿ, ಅಡಕೆ ತೋಟದ ಕಾಲುವೆಯ ದಂಡೆಯಲ್ಲಿ, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವೆಡೆಯಲ್ಲಿ, ಎಲ್ಲಿಯೇ ಆಗಲಿ, ಹಸಿರು ಎಲೆಗಳ ನಡುವಿನಿಂದ ಮೂರು ಮೂಲೆಯ ದಂಟೊಂದು ಎದ್ದು ಅದರ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ತೆನೆ ಹರಡಿರುವುದನ್ನು ಕಂಡೊಡನೆ ನಾವು ಜೇಕು ಎಂದುಬಿಡುತ್ತೇವೆ. ಕೆಲವು ಸೀಮೆಗಳಲ್ಲಿ ಅದನ್ನೇ ಕೊನ್ನಾರಿ ಎನ್ನುವರು. ಕೆಲವರು ತುಂಗೆ ಎನ್ನುವರು. ವೈದ್ಯರ ಬಾಯಲ್ಲಿ ಅದು ಭದ್ರಮುಷ್ಟಿ. ಒಂದು ಗಿಡಕ್ಕೆ ಹಲವು ಹೆಸರುಗಳಿದ್ದರೆ ಅದರಿಂದ ಯಾರಿಗೂ ಕೇಡಿಲ್ಲ. ಹಲವು ಗಿಡಗಳನ್ನು ಒಂದೇ ಹೆಸರಿನಿಂದ ಕರೆದು, ಅವೆಲ್ಲವೂ ಒಂದೇ ಎಂದು ನಂಬಿ ನಡೆದರೆ ಮಾತ್ರ ನಷ್ಟ ಉಂಟಾಗುವುದು. ಆ ನಷ್ಟ ಎಂತಹುದೆಂಬುದನ್ನು ನಾವು ನಮ್ಮದೇ ತಪ್ಪಿನಿಂದ ಕಲಿತೆವು. ಅದು ಕೂಡ ನಮ್ಮ ಕಿಸೆಯಿಂದಲ್ಲ, ಇನ್ನೊಬ್ಬರ ಗದ್ದೆಯಿಂದ.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದಾಗ ವನೌಷಧಿವರ್ಗದಲ್ಲಿ ಮುಸ್ತೆಯ ಹೆಸರುಗಳು ಬರುತ್ತಿದ್ದವು. ಮೇಘಕ್ಕೆ ಸಲ್ಲುವ ಹೆಸರುಗಳೆಲ್ಲವೂ ಮುಸ್ತೆಗೂ ಸಲ್ಲುವುವು ಎಂದು ಅಮರಸಿಂಹನು ಹೇಳುತ್ತಾನೆ. ಆದುದರಿಂದಲೇ ಆಯುರ್ವೇದ ಗ್ರಂಥಗಳಲ್ಲಿ ಘನ ಎಂದೋ, ಅಂಬುದ ಎಂದೋ, ಜಲದ ಎಂದೋ ಬಂದರೆ ಅಲ್ಲಿ ಆಕಾಶದ ಮೋಡವನ್ನು ಹುಡುಕಬಾರದು, ನೆಲದೊಳಗಿನ ಗಡ್ಡೆಯನ್ನು ಹುಡುಕಬೇಕು. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನು ಬೇಟೆಯನ್ನು ನಿಲ್ಲಿಸುವ ಸಂದರ್ಭದಲ್ಲಿ, ಹೊಂಡಗಳಲ್ಲಿ ಮುಸ್ತೆಯನ್ನು ಅಗೆಯುವ ಕಾಡುಹಂದಿಗಳ ಪ್ರಸ್ತಾಪ ಬರುವುದು. ಆ ನಾಟಕವನ್ನು ನಾವು ಮೊದಲು ಓದಿದ್ದು ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ. ಗುರುಗಳು ಮುಸ್ತೆಯ ಪರ್ಯಾಯಪದಗಳನ್ನು ಕೇಳಿದಾಗ ನಾವು ತಡವರಿಸದೆ ಒಪ್ಪಿಸುತ್ತಿದ್ದೆವು. ಆದರೆ ಪಾಠ ಮುಗಿದ ಬಳಿಕ ಮಠದ ಹೂದೋಟದಲ್ಲಿ ಪ್ರತಿದಿನ ನಾವೇ ಕಿತ್ತೆಸೆಯುತ್ತಿದ್ದ ಕಳೆಯೇ ಆ ಮುಸ್ತೆ ಎಂಬುದು ನಮಗೆ ತಿಳಿದಿರಲಿಲ್ಲ. ತಿಳಿದದ್ದು ಎಷ್ಟೋ ವರ್ಷಗಳ ನಂತರ. ತಿಳಿದ ಮೇಲೆ ಇನ್ನೊಂದು ತಪ್ಪು ಮಾಡಿದೆವು: ಮೂರು ಮೂಲೆಯ ದಂಟುಳ್ಳದ್ದೆಲ್ಲವೂ ಮುಸ್ತೆಯೇ ಎಂದು ಭಾವಿಸಿದೆವು.

2021ರ ಮುಂಗಾರಿನಲ್ಲಿ ನಡೆದ ಸಂಗತಿ. ಭದ್ರಾ ನಾಲೆಯ ನೀರುಣ್ಣುವ ಗ್ರಾಮವೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಗೌಡರೊಬ್ಬರಿದ್ದಾರೆ. ಅವರಿಗೆ ದಿಬ್ಬದ ಮೇಲೆ 2 ಎಕರೆ ಮೆಕ್ಕೆಜೋಳದ ಹೊಲ, ಕೆಳಗೆ 3 ಎಕರೆ ಗದ್ದೆ. ಹೊಲದಲ್ಲಿ ಕೊನ್ನಾರಿ ಹತ್ತಿಕೊಂಡು ನಾಲ್ಕಾರು ವರ್ಷಗಳಾಗಿದ್ದವು. ಕಿತ್ತಷ್ಟೂ ಚಿಗುರುತ್ತಿತ್ತು, ಉತ್ತಷ್ಟೂ ಹಬ್ಬುತ್ತಿತ್ತು. ಆ ವರ್ಷ ನಾಟಿಯಾಗಿ ಮೂರು ವಾರಗಳಾದ ಗದ್ದೆಯಲ್ಲಿಯೂ ಅದೇ ಬಗೆಯ ಸಸಿಗಳು ಕಾಣಿಸಿಕೊಂಡವು. ನಾವು ಯಾವುದೋ ಕಾರ್ಯಕ್ಕೆ ಆ ಊರಿಗೆ ಹೋಗಿದ್ದಾಗ ಗೌಡರು ನಮ್ಮನ್ನು ಬದುವಿನ ಮೇಲೆ ಕರೆದೊಯ್ದು, "ಶಾಸ್ತ್ರಿಗಳೆ, ಮ್ಯಾಲಿನ ಹೊಲದ ಕೊನ್ನಾರಿ ಗದ್ದೆಗೂ ಇಳದೈತಿ ನೋಡ್ರಿ. ಇದನ್ನ ಕೀಳಿಸಿದ್ರೆ ಆಳಿನ ಕೂಲಿ ದಂಡ. ಹೆಂಗೂ ಹೋಗಂಗಿಲ್ಲ. ಬಿಟ್ಟುಬಿಡಲೇನ್ರಿ?" ಎಂದು ಕೇಳಿದರು.

ನಾವು ಪಾದರಕ್ಷೆಯನ್ನೂ ಕಳಚಲಿಲ್ಲ. ಬದುವಿನ ಮೇಲೆ ನಿಂತೇ ಬಗ್ಗಿ ನೋಡಿ, ದಂಟು ಮೂರು ಮೂಲೆಯಿರುವುದನ್ನು ಕಂಡು, "ಇದು ಕೊನ್ನಾರಿಯೇ. ಇದರ ಮೂಲ ಗಡ್ಡೆಯಲ್ಲಿದೆ. ಕಿತ್ತು ಫಲವಿಲ್ಲ" ಎಂದು ಹೇಳಿಬಿಟ್ಟೆವು. ಗೌಡರು ನಮ್ಮ ಮಾತನ್ನು ನಂಬಿದರು. ನಂಬಿದ್ದು ನಮ್ಮ ವಯಸ್ಸನ್ನು ನೋಡಿ, ಓದನ್ನು ನೋಡಿ. ನಮ್ಮ ಪರೀಕ್ಷೆಯನ್ನು ನೋಡಿ ಅಲ್ಲ, ಏಕೆಂದರೆ ಪರೀಕ್ಷೆಯೇ ನಡೆದಿರಲಿಲ್ಲ. ಕಳೆ ಕೀಳಿಸುವುದನ್ನು ಅವರು ಕೈಬಿಟ್ಟರು. ಎಕರೆಗೆ 30 ಚೀಲ ಬರುತ್ತಿದ್ದ ಗದ್ದೆಯಲ್ಲಿ ಆ ಸುಗ್ಗಿಗೆ 21 ಚೀಲ ಬಂದಿತು. ಅದಕ್ಕಿಂತ ಕೇಡಿನ ಸಂಗತಿಯೆಂದರೆ, ಬೆಳೆ ಕಟಾವಾಗುವ ಮೊದಲೇ ಆ ಕಳೆ ತನ್ನ ಬೀಜವನ್ನೆಲ್ಲ ಗದ್ದೆಯ ತುಂಬ ಉದುರಿಸಿ ಒಣಗಿಹೋಗಿತ್ತು.

ಒಣಗಿಹೋಗಿತ್ತು ಎಂಬಲ್ಲಿಯೇ ನಮಗೆ ಸಂಶಯ ಬರಬೇಕಾಗಿತ್ತು. ಕೊನ್ನಾರಿ ಹಾಗೆ ಬೀಜ ಉದುರಿಸಿ ಸಾಯುವ ಗಿಡವಲ್ಲ.

ಮರುವರ್ಷ ಗೌಡರ ಮಗಳು, ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದವಳು, ರಜೆಗೆಂದು ಊರಿಗೆ ಬಂದಳು. ಗದ್ದೆಗಿಳಿದು ಒಂದು ಗಿಡವನ್ನು ಮಣ್ಣುಸಮೇತ ಅಗೆದು, ನಾಲೆಯ ನೀರಿನಲ್ಲಿ ತೊಳೆದು, ತಂದೆಗೆ ತೋರಿಸಿ, "ಅಪ್ಪಾಜಿ, ಇದು ಕೊನ್ನಾರಿ ಅಲ್ಲ. ಇದಕ್ಕೆ ಗಡ್ಡೆನೇ ಇಲ್ಲ" ಎಂದಳಂತೆ. ಗೌಡರು ಕೂಡಲೆ ನಮಗೆ ಹೇಳಿಕಳಿಸಿದರು. ನಾವು ಹೋದೆವು. ಆ ಹುಡುಗಿ ಗೋಣಿಚೀಲವೊಂದನ್ನು ಹಾಸಿ, ಮೇಲಿನ ಹೊಲದಿಂದ ಅಗೆದ ಗಿಡವನ್ನು ಎಡಕ್ಕೂ ಗದ್ದೆಯಿಂದ ಅಗೆದ ಗಿಡವನ್ನು ಬಲಕ್ಕೂ ಇಟ್ಟು, "ಅಜ್ಜಾರೆ, ಹೋದ ವರ್ಷ ನೀವು ಕಿತ್ತು ನೋಡಿದ್ರೇನ್ರಿ?" ಎಂದು ವಿನಯದಿಂದಲೇ ಕೇಳಿದಳು. ನೋಡಿರಲಿಲ್ಲ ಎಂದು ಒಪ್ಪಿಕೊಂಡೆವು. ಅಂದು ಆ ಗೋಣಿಚೀಲದ ಮುಂದೆ ಕುಳಿತು ನಾವು ಕಲಿತದ್ದನ್ನೂ, ಆಮೇಲೆ ಮೂರು ಮಳೆಗಾಲ ಕೈಯಲ್ಲಿ ಸಣ್ಣ ಗುದ್ದಲಿ ಮತ್ತು ಭೂತಗನ್ನಡಿ ಹಿಡಿದು ಗದ್ದೆಬಯಲುಗಳಲ್ಲಿ ಅಲೆದು ಕಂಡುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹುಲ್ಲು ಯಾವುದು, ಜೇಕು ಯಾವುದು ಎಂಬುದು ಖಚಿತವಾಗಬೇಕು. ದೂರದಿಂದ ಎರಡೂ ಒಂದೇ. ಗರಿಕೆ, ಭತ್ತ, ರಾಗಿ, ಕಬ್ಬು ಇವೆಲ್ಲ ಹುಲ್ಲಿನ ಕುಟುಂಬ. ಇವುಗಳ ದಂಟಿನಲ್ಲಿ ಎದ್ದುಕಾಣುವ ಗೆಣ್ಣುಗಳುಂಟು, ಗೆಣ್ಣುಗಳ ನಡುವೆ ಸಾಮಾನ್ಯವಾಗಿ ಪೊಳ್ಳು. ಎಲೆಗಳು ಎರಡು ಸಾಲಿನಲ್ಲಿ ಹೊರಡುತ್ತವೆ. ದಂಟನ್ನು ಸುತ್ತಿಕೊಂಡಿರುವ ಎಲೆಯ ಬುಡದ ಒರೆ ಬಹುಮಟ್ಟಿಗೆ ಒಂದು ಬದಿಯಲ್ಲಿ ಸೀಳಿರುತ್ತದೆ, ಅಂಗಿಯ ಗುಂಡಿ ಬಿಚ್ಚಿದಂತೆ. ಜೇಕಿನ ಕುಟುಂಬದ ಗಿಡಗಳಲ್ಲಿ ದಂಟು ಒಳಗೆ ತುಂಬಿಕೊಂಡಿರುತ್ತದೆ, ಮೇಲಕ್ಕೆ ಗೆಣ್ಣು ಕಾಣುವುದಿಲ್ಲ; ಎಲೆಗಳು ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಹೊರಡುತ್ತವೆ; ಒರೆ ಸೀಳದೆ ಕೊಳವೆಯಂತೆ ಮುಚ್ಚಿಕೊಂಡಿರುತ್ತದೆ. ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಿದರೆ ಮೂರು ಅಂಚುಗಳು ಬೆರಳಿಗೆ ತಾಕುತ್ತವೆ. ಕಣ್ಣು ಮೋಸಹೋದರೂ ಬೆರಳು ಮೋಸಹೋಗುವುದು ಕಡಿಮೆ. ಈ ಕುಟುಂಬದಲ್ಲಿ ಪ್ರಪಂಚದಾದ್ಯಂತ ಸುಮಾರು 5,500 ಪ್ರಭೇದಗಳಿವೆ ಎಂದರೆ, ಜೇಕು ಎಂಬ ನಮ್ಮ ಒಂದೇ ಮಾತು ಎಷ್ಟು ದೊಡ್ಡ ಹೊರೆಯನ್ನು ಹೊತ್ತಿದೆಯೆಂಬುದನ್ನು ವಾಚಕರು ಊಹಿಸಬಹುದು. ಪ್ರಾಚೀನ ಈಜಿಪ್ಟಿನವರು ಬರೆಯುವ ಹಾಳೆಯನ್ನು ಮಾಡಿಕೊಂಡ ಪಪೈರಸ್ ಈ ಕುಟುಂಬದ್ದೇ. ತಮಿಳುನಾಡಿನ ಪತ್ತಮಡೈಯಲ್ಲಿ ನವಿರಾದ ಚಾಪೆ ಹೆಣೆಯುವ ಕೋರೈ ಕೂಡ ಈ ಕುಟುಂಬದ್ದೇ.

ಇನ್ನು ಗೋಣಿಚೀಲದ ಎಡಬದಿಯ ಗಿಡ. ಇದು ನಿಜವಾದ ಕೊನ್ನಾರಿ, ಸಸ್ಯಶಾಸ್ತ್ರದಲ್ಲಿ ಸೈಪರಸ್ ರೊಟಂಡಸ್. ಲಿನೇಯಸನು 1753ರಲ್ಲಿ ಇಟ್ಟ ಹೆಸರು. ಇದರ ದಂಟು ಬುಡದಲ್ಲಿ ಸಣ್ಣ ಈರುಳ್ಳಿಯಂತೆ ಉಬ್ಬಿರುತ್ತದೆ. ಆ ಉಬ್ಬಿನಿಂದ ದಾರದಷ್ಟು ತೆಳುವಾದ, ಆದರೆ ತಂತಿಯಂತೆ ಗಟ್ಟಿಯಾದ ನೆಲದಡಿಯ ಕಾಂಡವೊಂದು ಹೊರಟು, ಸ್ವಲ್ಪ ದೂರದಲ್ಲಿ ಉಬ್ಬಿ ಗಡ್ಡೆಯಾಗುತ್ತದೆ. ಆ ಗಡ್ಡೆಯಿಂದ ಮತ್ತೆ ದಾರ, ಮತ್ತೆ ಗಡ್ಡೆ. ಹೀಗೆ ಜಪಮಣಿಗಳನ್ನು ಪೋಣಿಸಿದಂತೆ ಸರಪಳಿ ಬೆಳೆಯುತ್ತದೆ. ಗಡ್ಡೆಯ ಹೊರಮೈ ಕಪ್ಪುಗಂದು, ನಾರುನಾರು, ಒಳಗೆ ಬಿಳುಪು. ಉಗುರಿನಿಂದ ಗೀರಿದರೆ ಘಮ್ಮೆನ್ನುವ ವಾಸನೆ, ನಾಲಗೆಗೆ ಕಹಿ. ಒಂದೊಂದು ಗಡ್ಡೆಯಲ್ಲಿಯೂ ಹಲವು ಕಣ್ಣುಗಳುಂಟು. ಸರಪಳಿ ಅಖಂಡವಾಗಿದ್ದಾಗ ತುದಿಯ ಗಡ್ಡೆ ಚಿಗುರಿ ಉಳಿದವು ಬಹುಮಟ್ಟಿಗೆ ಮಲಗಿರುತ್ತವೆ. ನೇಗಿಲೋ ರೋಟವೇಟರೋ ಹಸಿ ನೆಲದಲ್ಲಿ ಆ ಸರಪಳಿಯನ್ನು ತುಂಡರಿಸಿತೆಂದರೆ ಮಲಗಿದ್ದ ಗಡ್ಡೆಗಳೆಲ್ಲ ಎಚ್ಚರಗೊಂಡು ಒಂದೊಂದೂ ಬೇರೆ ಗಿಡವಾಗುತ್ತದೆ. ಉತ್ತಷ್ಟೂ ಹಬ್ಬುತ್ತದೆ ಎಂಬ ಗೌಡರ ದೂರಿಗೆ ಇದೇ ಕಾರಣ. ಬೀಜದಿಂದ ಇದು ಹುಟ್ಟುವುದು ತೀರ ಅಪರೂಪ. ಅದರ ಸಂತಾನವೆಲ್ಲ ಗಡ್ಡೆಯ ಮೂಲಕವೇ. ಪ್ರಪಂಚದ ಕಳೆಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಇದೇ ಎಂದು 1977ರಲ್ಲಿ ಹೋಮ್ ಮತ್ತು ಅವರ ಸಂಗಡಿಗರು ತಮ್ಮ ಗ್ರಂಥದಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟರು. ಅದೇ ಗಡ್ಡೆಯನ್ನು ನಮ್ಮ ವೈದ್ಯರು ಶ್ರೇಷ್ಠ ಔಷಧಿಗಳ ಸಾಲಿನಲ್ಲಿ ಇಟ್ಟಿದ್ದಾರೆ. ಎರಡೂ ಸತ್ಯವೇ.

ಬಲಬದಿಯಲ್ಲಿದ್ದ ಗದ್ದೆಯ ಗಿಡ ಸೈಪರಸ್ ಇರಿಯ. ಅದಕ್ಕೂ ಹೆಸರಿಟ್ಟವನು ಲಿನೇಯಸನೇ, ಅದೇ 1753ರಲ್ಲಿ. ಬುಡದಲ್ಲಿ ಉಬ್ಬಿಲ್ಲ, ದಾರವಿಲ್ಲ, ಗಡ್ಡೆಯಿಲ್ಲ. ಅರಿಸಿನಗೆಂಪು ಬಣ್ಣದ ಬೇರಿನ ಕುಚ್ಚು ಒಂದೇ ಹಿಡಿಗೆ ಪೂರ್ತಿಯಾಗಿ ಕೈಗೆ ಬರುತ್ತದೆ. ಒಂದು ಬುಡದಿಂದ ಹಲವು ದಂಟುಗಳು ಗುಂಪಾಗಿ ಏಳುತ್ತವೆ. ಇದು ಏಕವಾರ್ಷಿಕ, ಬೀಜದಿಂದ ಹುಟ್ಟಿ, ಒಂದೇ ಬೆಳೆಯ ಅವಧಿಯಲ್ಲಿ ಸಾವಿರಾರು ಬೀಜಗಳನ್ನು ಉದುರಿಸಿ ಸಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗಡ್ಡೆ ಇದೆಯೇ ಇಲ್ಲವೇ ಎಂದು ನೋಡುವುದು ಸುಲಭವೆಂದು ತೋರುತ್ತದೆ. ಆದರೆ ನಾವು ಮೊದಮೊದಲು ಅದರಲ್ಲಿಯೂ ಸೋತೆವು. ಕೊನ್ನಾರಿಯನ್ನು ಕೈಯಿಂದ ಎಳೆದರೆ ಆ ದಾರದಂತಹ ಕಾಂಡ ಪಟಕ್ಕನೆ ಕಡಿದು, ಗಡ್ಡೆಯೆಲ್ಲ ನೆಲದಲ್ಲಿ ಉಳಿದು, ಗಿಡ ಮಾತ್ರ ಕೈಗೆ ಬರುತ್ತದೆ. ಆಗ ನೋಡಿದವನು ಗಡ್ಡೆಯಿಲ್ಲ ಎಂದು ತೀರ್ಮಾನಿಸಿ ಅದನ್ನು ಇರಿಯ ಎಂದುಬಿಡುತ್ತಾನೆ. ಆದುದರಿಂದ ಎಳೆಯಬಾರದು, ಅಗೆಯಬೇಕು. ಗಿಡದ ಸುತ್ತ ಒಂದು ಗೇಣು ಅಗಲ, ಒಂದು ಗೇಣು ಆಳ ಮಣ್ಣನ್ನು ಹೆಂಟೆಯಾಗಿಯೇ ಎತ್ತಿ, ನೀರಿನಲ್ಲಿಟ್ಟು ಮಣ್ಣು ತಾನಾಗಿ ಕರಗುವಂತೆ ಬಿಡಬೇಕು. ಗಡ್ಡೆ ಕಡಿದುಹೋಗಿದ್ದರೂ ಬುಡದ ಉಬ್ಬು ಸಾಮಾನ್ಯವಾಗಿ ಗಿಡದೊಡನೆ ಬಂದಿರುತ್ತದೆ. ಅದನ್ನು ಬೆರಳಿನಿಂದ ಒತ್ತಿ ನೋಡಬೇಕು. ತೀರ ಎಳೆಯ ಸಸಿಯಾದರೆ ಅದು ಹುಟ್ಟಿದ ತಾಯಿಗಡ್ಡೆ ಕೆಳಗೆ ಇರಲೇಬೇಕು. ಇರಿಯದ ಎಳೆಯ ಸಸಿಯ ಕೆಳಗೆ ಏನೂ ಇರುವುದಿಲ್ಲ.

ನೆಲದ ಮೇಲಿನ ಗುರುತುಗಳೂ ಉಂಟು, ಆದರೆ ಅವು ತೆನೆ ಬಂದ ಮೇಲೆ. ಕೊನ್ನಾರಿಯ ಕಿರುತೆನೆಗಳು ನೀಳವಾಗಿ ಚಪ್ಪಟೆಯಾಗಿ, ಕೆಂಗಂದು ಅಥವಾ ನೇರಳೆ ಬೆರೆತ ಕಂದು ಬಣ್ಣದವು. ಅವುಗಳ ಮೇಲಿನ ಹೊಟ್ಟುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಾಗಿ ಕುಳಿತಿರುತ್ತವೆ. ಇರಿಯದ ಕಿರುತೆನೆ ಹಸಿರುಹಳದಿ, ಮಾಗಿದಾಗ ಹೊನ್ನಿನ ಕಂದು. ಅದರ ಹೊಟ್ಟುಗಳು ಸಡಿಲವಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ತುದಿ ದುಂಡಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಳುಗಳನ್ನು ಅಂತರವಿಟ್ಟು ಪೋಣಿಸಿದಂತೆ ತೋರುತ್ತದೆ. ಬಣ್ಣವನ್ನು ಮಾತ್ರ ನಂಬಬಾರದೆಂದು ಅನುಭವದಿಂದ ಹೇಳುತ್ತೇವೆ. ನೆರಳಿನಲ್ಲಿ ಬೆಳೆದ ಕೊನ್ನಾರಿಯ ತೆನೆ ಪೇಲವವಾಗಿರುವುದುಂಟು, ಒಣಗುವ ಹಂತದ ಇರಿಯ ಕಡುಗಂದಾಗುವುದುಂಟು. ಹೊಟ್ಟುಗಳ ಜೋಡಣೆ ಅಷ್ಟು ಬೇಗ ಬದಲಾಗುವುದಿಲ್ಲ.

ಇಷ್ಟು ಸೂಕ್ಷ್ಮ ಏತಕ್ಕೆ, ಎರಡೂ ಕಳೆಯೇ ಅಲ್ಲವೇ ಎಂದು ಕೇಳುವವರುಂಟು. ಗೌಡರಿಗೆ ನಾವು ಹೇಳಿದ ಮಾತನ್ನು ಅವರು ನೆನೆಯಲಿ. ಕಿತ್ತು ಫಲವಿಲ್ಲ ಎಂಬುದು ಕೊನ್ನಾರಿಯ ವಿಷಯದಲ್ಲಿ ಬಹುಮಟ್ಟಿಗೆ ನಿಜ. ಇರಿಯದ ವಿಷಯದಲ್ಲಿ ಪೂರ್ತಿ ಸುಳ್ಳು. ತೆನೆ ಬಲಿಯುವ ಮೊದಲು ಒಮ್ಮೆ ಕಿತ್ತರೆ ಇರಿಯದ ಆ ಗಿಡದ ಕಥೆ ಅಲ್ಲಿಗೆ ಮುಗಿಯಿತು. ನಾಟಿಯ ಬಳಿಕ ಗದ್ದೆಯನ್ನು ಸಮಮಾಡಿ ತೆಳುವಾಗಿ ನೀರು ನಿಲ್ಲಿಸಿದರೆ ಅದರ ಬೀಜ ಮೊಳೆಯುವುದೇ ಕಡಿಮೆ. ಗದ್ದೆಯಲ್ಲಿ ಎಲ್ಲಿ ದಿಣ್ಣೆಯೆದ್ದು ನೀರು ಏರದೆ ಉಳಿಯುವುದೋ ಅಲ್ಲಿಯೇ ಅದು ದಟ್ಟವಾಗಿ ಏಳುತ್ತದೆ. ನಾಟಿಗೆ ಮೊದಲು ಗದ್ದೆಗೆ ನೀರು ಹಾಯಿಸಿ, ಮೇಲುಪದರದ ಬೀಜವೆಲ್ಲ ಮೊಳೆಯುವಂತೆ ಬಿಟ್ಟು, ಆಮೇಲೆ ಕೆಸರುಗೊಳಿಸಿದರೆ ಒಂದು ತಲೆಮಾರೇ ಹೂತುಹೋಗುತ್ತದೆ. ಕೊನ್ನಾರಿಗೆ ಈ ಉಪಾಯಗಳು ನಾಟುವುದಿಲ್ಲ. ಅದಕ್ಕೆ ಬೇಸಗೆಯ ಒಣ ನೆಲದಲ್ಲಿ ಆಳವಾಗಿ ಉತ್ತು, ಗಡ್ಡೆಗಳನ್ನು ಮೇಲೆ ತಂದು, ಸುಡುಬಿಸಿಲಿನಲ್ಲಿ ಒಣಗಿಸಬೇಕು. ಸಿಕ್ಕಷ್ಟು ಆರಿಸಿ ತೆಗೆಯಬೇಕು. ನೆರಳು ಅದಕ್ಕೆ ಆಗದು. ಆದುದರಿಂದ ಸೆಣಬಿನಂತಹ ಬೇಗ ದಟ್ಟವಾಗುವ ಹಸಿರೆಲೆ ಬೆಳೆಯನ್ನು ಬಿತ್ತುವುದು ಉಪಯುಕ್ತ. ಹಸಿ ನೆಲದಲ್ಲಿ ಉಳುವುದು ಅದಕ್ಕೆ ಹಬ್ಬದೂಟ ಬಡಿಸಿದಂತೆ. ಹೀಗೆ ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಸಲ್ಲದು. ಕಳೆನಾಶಕಗಳ ವಿಷಯವೂ ಹಾಗೆಯೇ. ಯಾವ ಗಿಡವೆಂದು ತಿಳಿಯದೆ ಅಂಗಡಿಯವನು ಕೊಟ್ಟದ್ದನ್ನು ತಂದು ಸಿಂಪಡಿಸಿ ಹಣ ಕಳೆದುಕೊಂಡವರನ್ನು ನಾವು ಬಲ್ಲೆವು.

ಗದ್ದೆಯಲ್ಲಿ ಇರಿಯದ ಜೊತೆಗೇ ಇನ್ನೆರಡು ಗಿಡಗಳು ಬೆರೆತಿರುತ್ತವೆ. ಒಂದು ಸೈಪರಸ್ ಡಿಫಾರ್ಮಿಸ್. ತೆನೆ ಬಂದ ಮೇಲೆ ಇದನ್ನು ತಪ್ಪುವಂತಿಲ್ಲ. ಕೊಡೆಯ ಕಡ್ಡಿಗಳ ತುದಿಯಲ್ಲಿ ಕಿರುತೆನೆಗಳೆಲ್ಲ ಒತ್ತೊತ್ತಾಗಿ ಸೇರಿ ಕಡಲೆಕಾಳಿನಷ್ಟು, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಚೆಂಡುಗಳಾಗಿರುತ್ತವೆ. ಗಿಡ ಮೆತ್ತಗೆ, ದಂಟನ್ನು ಹಿಚುಕಿದರೆ ಸುಲಭವಾಗಿ ಅಮುಕುತ್ತದೆ. ಇದು ಬಹು ಅವಸರದ ಗಿಡ. ಮೊಳೆತ ಒಂದೂವರೆ ತಿಂಗಳೊಳಗೆ ಬೀಜ ಕಟ್ಟಿಬಿಡಬಲ್ಲದು. ಆದುದರಿಂದ ಎರಡನೆಯ ಕಳೆಗೆ ನೋಡೋಣವೆಂದು ಬಿಟ್ಟರೆ ತಡವಾಗುತ್ತದೆ.

ಇನ್ನೊಂದು ಫಿಂಬ್ರಿಸ್ಟೈಲಿಸ್. ನಾವು ಹೆಚ್ಚು ಮೋಸಹೋದದ್ದು ಇದರಲ್ಲಿ. ಬೆರಳಿನಲ್ಲಿ ಹೊರಳಿಸಿ ಮೂರು ಅಂಚುಗಳನ್ನು ಎಣಿಸುವ ಪಾಠವನ್ನು ನಾವು ಎಷ್ಟು ಭಕ್ತಿಯಿಂದ ಕಲಿತಿದ್ದೆವೆಂದರೆ, ಗದ್ದೆಯಲ್ಲಿ ಸಾಮಾನ್ಯವಾಗಿ ಸಿಕ್ಕುವ ಇದರ ಒಂದು ಪ್ರಭೇದದ ದಂಟು ಚಪ್ಪಟೆಯಾಗಿ, ತೆನೆಯ ಕೆಳಗೆ ನಾಲ್ಕೈದು ಅಂಚುಗಳಿಂದ ಕೂಡಿರುವುದನ್ನು ಕಂಡು ಇದು ಜೇಕಿನ ಕುಟುಂಬವೇ ಅಲ್ಲವೆಂದು ಬದಿಗಿಟ್ಟೆವು. ಕುಟುಂಬ ಅದೇ. ಇದನ್ನು ತೆನೆ ಬರುವ ಮೊದಲೇ ಗುರುತಿಸಬಹುದು: ಎಲೆಗಳು ಬುಡದಲ್ಲಿ ಎರಡು ಬದಿಗೆ ಒತ್ತಾಗಿ ಜೋಡಿಸಿಕೊಂಡು ಬಿಚ್ಚಿದ ಬೀಸಣಿಗೆಯಂತೆ ಚಪ್ಪಟೆಯಾಗಿ ನಿಂತಿರುತ್ತವೆ. ಬುಡವನ್ನು ಹೆಬ್ಬೆರಳಿನಿಂದ ತಡವಿದರೆ ಸಾಕು. ತೆನೆ ಬಂದಾಗ ಸಾಸಿವೆಗಿಂತ ಸ್ವಲ್ಪ ದಪ್ಪದ ಕೆಂಗಂದು ಗುಂಡುಗಳು ಕವಲುಕವಲಾಗಿ ಚದರಿರುತ್ತವೆ. ಹೊಟ್ಟುಗಳ ಜೋಡಣೆಯೂ ಬೇರೆ: ಸೈಪರಸ್‌ನಲ್ಲಿ ಅವು ಕಿರುತೆನೆಯ ಎರಡು ಬದಿಯಲ್ಲಿ ಎರಡೇ ಸಾಲಾಗಿರುತ್ತವೆ, ಇದರಲ್ಲಿ ಸುತ್ತಲೂ ಸುರುಳಿಯಾಗಿರುತ್ತವೆ.

ತೋಟದ ತೇವದ ನೆಲದಲ್ಲಿ ಒಂದೇ ಒಂದು ಬಿಳಿಯ ಗುಂಡುತಲೆಯನ್ನು ಹೊತ್ತು ನಿಲ್ಲುವ ಸಣ್ಣ ಗಿಡವನ್ನು ಹಲವರು ಕಂಡಿರಬಹುದು. ಅದು ಕಿಲಿಂಗ. ಅದರ ಬೇರಿಗೂ ಕಂಪುಂಟು. ಕಂಪಿದೆಯೆಂಬ ಕಾರಣಕ್ಕೆ ಅದನ್ನೂ ಭದ್ರಮುಷ್ಟಿ ಎನ್ನಬಾರದು. ಇತ್ತೀಚಿನ ಅಧ್ಯಯನಗಳ ಬಳಿಕ ಸಸ್ಯಶಾಸ್ತ್ರಜ್ಞರು ಕಿಲಿಂಗವನ್ನೂ ಸೈಪರಸ್ ಕುಲದೊಳಗೇ ಸೇರಿಸುತ್ತಿದ್ದಾರೆ. ಆದರೂ ಗುರುತು ಬೇರೆಯೇ: ಕೊನ್ನಾರಿ, ಇರಿಯಗಳಲ್ಲಿ ಹೂವಿನ ಶಲಾಕೆ ತುದಿಯಲ್ಲಿ ಮೂರಾಗಿ ಸೀಳಿ ಕಾಯಿ ಮೂರು ಮೂಲೆಯಾಗಿರುತ್ತದೆ, ಕಿಲಿಂಗದಲ್ಲಿ ಎರಡಾಗಿ ಸೀಳಿ ಕಾಯಿ ಚಪ್ಪಟೆಯಾಗಿರುತ್ತದೆ. ಇದನ್ನು ನೋಡಲು ಬೆಳಗಿನ ಬೆಳಕು, ಹತ್ತು ಪಟ್ಟು ಹಿಗ್ಗಿಸುವ ಕನ್ನಡಿ, ತಾಳ್ಮೆ ಇಷ್ಟು ಬೇಕು. ನಮ್ಮ ವಯಸ್ಸಿನವರಿಗಾದರೆ ಜೊತೆಗೆ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇದ್ದರೆ ಒಳ್ಳೆಯದು.

ಗ್ರಂಥಗಳ ನೆರವನ್ನೂ ನಾವು ಪಡೆದೆವು. ಹುಕರನ ಭಾರತೀಯ ಸಸ್ಯಸಂಪುಟಗಳಲ್ಲಿ ಈ ಕುಟುಂಬದ ಭಾಗವನ್ನು 1890ರ ದಶಕದಲ್ಲಿ ಬರೆದವನು ಸಿ. ಬಿ. ಕ್ಲಾರ್ಕ್. ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತು ಫಾದರ್ ಸಲ್ಡಾನ ಮತ್ತು ನಿಕಲ್ಸನ್ ಅವರು 1976ರಲ್ಲಿ ಹೊರತಂದ ಗ್ರಂಥ ನಮ್ಮ ನಾಡಿನವರಿಗೆ ಹೆಚ್ಚು ಹತ್ತಿರ. 2002ರಲ್ಲಿ ಪ್ರಸಾದ್ ಮತ್ತು ಸಿಂಗ್ ಅವರು ಕರ್ನಾಟಕದ ಜೇಕಿನ ಕುಟುಂಬಕ್ಕಾಗಿಯೇ ಒಂದು ಪುಸ್ತಕವನ್ನು ಬರೆದಿದ್ದಾರೆ. ಇವೆಲ್ಲ ಇಂಗ್ಲಿಷಿನಲ್ಲಿವೆ. ರೈತನ ಕೈಗೆ ಕೊಡಬಹುದಾದ, ಚಿತ್ರಸಹಿತವಾದ ಚಿಕ್ಕ ಕನ್ನಡ ಪುಸ್ತಕವೊಂದು ಮನೆಮನೆಯಲ್ಲಿ ಇರಬೇಕೆಂಬುದು ನಮ್ಮ ಆಸೆ.

ಔಷಧಿಯ ಮಾತನ್ನು ಹೇಳದಿದ್ದರೆ ಗೃಹಿಣಿಯರು ನಮ್ಮನ್ನು ಕ್ಷಮಿಸಲಾರರು. ಮುಸ್ತೆಯು ಜ್ವರಕ್ಕೂ ಅಜೀರ್ಣಕ್ಕೂ ಅತಿಸಾರಕ್ಕೂ ಶ್ರೇಷ್ಠವೆಂದು ಚರಕ ವಾಗ್ಭಟರ ಕಾಲದಿಂದ ಪ್ರಸಿದ್ಧ. ಜ್ವರದ ದಾಹಕ್ಕೆ ಕೊಡುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಅದೂ ಒಂದು. ಸ್ನಾನದ ಪುಡಿಯಲ್ಲಿ, ಧೂಪದಲ್ಲಿ ಅದರ ಬಳಕೆಯನ್ನು ಹಿರಿಯ ಹೆಣ್ಣುಮಕ್ಕಳು ಬಲ್ಲರು. ಭಾರತೀಯ ಆಯುರ್ವೇದ ಔಷಧಕೋಶವು ಮುಸ್ತೆಯೆಂದರೆ ಸೈಪರಸ್ ರೊಟಂಡಸ್ ಗಡ್ಡೆ ಎಂದು ನಿರ್ಣಯಿಸಿದೆ. ನಾಗರಮುಸ್ತೆ ಎಂಬುದು ಬೇರೆ, ಅದು ಸೈಪರಸ್ ಸ್ಕೇರಿಯೋಸಸ್. ಆದರೆ ಅಂಗಡಿಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದುಂಟು. ಕೊನ್ನಾರಿಗೆ ಇನ್ನೊಬ್ಬ ಸೋದರನಿದ್ದಾನೆ, ಸೈಪರಸ್ ಎಸ್ಕ್ಯುಲೆಂಟಸ್. ಅದರ ಗಡ್ಡೆ ಕಹಿಯಲ್ಲ, ಸಿಹಿ. ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿ ಅದನ್ನು ಅರೆದು ಹಾಲಿನಂತಹ ಪಾನಕ ಮಾಡಿ ಕುಡಿಯುವರು. ಅದರಲ್ಲಿ ಗಡ್ಡೆಗಳು ಸರಪಳಿಯಾಗುವುದಿಲ್ಲ, ಒಂದೊಂದು ದಾರದ ತುದಿಗೆ ಒಂದೇ ಗಡ್ಡೆ; ತೆನೆಯ ಬಣ್ಣ ಒಣಹುಲ್ಲಿನ ಹಳದಿ; ಎಲೆಯ ತುದಿ ಕೊನ್ನಾರಿಯಂತೆ ಥಟ್ಟನೆ ಚೂಪಾಗದೆ ನೀಳವಾಗಿ ಸಣ್ಣಗಾಗುತ್ತ ಹೋಗುತ್ತದೆ. ಗಡ್ಡೆ ಬೇಕಾದವರು ಹೊಲದಿಂದ ತಾವೇ ಅಗೆದು, ಸರಪಳಿಯನ್ನು ಕಣ್ಣಾರೆ ಕಂಡು ತೆಗೆದುಕೊಳ್ಳುವುದು ಮೇಲು. ಕಳೆನಾಶಕ ಸಿಂಪಡಿಸಿದ ಹೊಲದ ಗಡ್ಡೆಯನ್ನು ಮುಟ್ಟಬಾರದು. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ವೈದ್ಯರನ್ನು ಕೇಳಿಯೇ ತಿಳಿಯತಕ್ಕದ್ದು, ನಮ್ಮಂತಹವರನ್ನಲ್ಲ.

ಈಗ ನಾವು ಗಿಡವನ್ನು ಅಗೆದೊಡನೆ ಹೆಸರು ಹೇಳುವುದನ್ನು ಬಿಟ್ಟಿದ್ದೇವೆ. ಒಂದು ಇನ್ನೂರು ಪುಟದ ನೋಟುಪುಸ್ತಕವಿದೆ. ಅದರಲ್ಲಿ ಮೊದಲು ದಿನಾಂಕ, ಊರು, ನೆಲ ಒಣವೋ ತೇವವೋ ನೀರು ನಿಂತದ್ದೋ ಎಂದು ಬರೆಯುತ್ತೇವೆ. ಬಳಿಕ ಬೇರು, ಬುಡ, ದಂಟು, ಎಲೆಯ ಒರೆ, ತೆನೆಯ ಕೆಳಗಿನ ಎಲೆಗಳ ಸಂಖ್ಯೆ, ಕಿರುತೆನೆ, ಹೊಟ್ಟು. ಕಾಣದೆ ಉಳಿದದ್ದರ ಮುಂದೆ 'ಕಾಣಲಿಲ್ಲ' ಎಂದು ಬರೆಯುತ್ತೇವೆ. 'ಇಲ್ಲ' ಎಂದು ಬರೆಯುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ತರ್ಕಶಾಸ್ತ್ರದಲ್ಲಿ ಓದಿದ್ದೆವು. ಗುದ್ದಲಿ ಹಿಡಿದ ಮೇಲೆ ಅದು ಅರ್ಥವಾಯಿತು. ಗಿಡವನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಹರಡಿ, ಮೇಲೆ ಭಾರವಾದ ಪುರಾಣಗ್ರಂಥಗಳನ್ನಿಟ್ಟು ಒಣಗಿಸುತ್ತೇವೆ. ಎರಡು ದಿನಕ್ಕೊಮ್ಮೆ ಪತ್ರಿಕೆಯನ್ನು ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅದೇ ಸ್ಥಳಕ್ಕೆ ಹೂವಿಗೊಮ್ಮೆ, ಕಾಯಿಗೊಮ್ಮೆ ಮತ್ತೆ ಹೋಗುತ್ತೇವೆ. ಒಂದೇ ಭೇಟಿಯಲ್ಲಿ ಪೂರ್ತಿ ತಿಳಿದ ಗಿಡಗಳು ನಮ್ಮ ಪುಸ್ತಕದಲ್ಲಿ ಕಡಿಮೆ.

ಗೌಡರು 2022ರ ಮುಂಗಾರಿನಲ್ಲಿ ಮಗಳ ಮಾತಿನಂತೆ ನಡೆದರು. ದಿಣ್ಣೆಗಳನ್ನು ತೆಗೆಸಿ ಗದ್ದೆಯನ್ನು ಸಮಮಾಡಿಸಿದರು. ತೆನೆ ಹೊರಡುವ ಮೊದ��ೇ ಎರಡು ಸಾರಿ ಕಳೆ ಕೀಳಿಸಿದರು. ಹಿಂದಿನ ವರ್ಷ ಉದುರಿದ ಬೀಜ ನೆಲದಲ್ಲಿ ಇದ್ದೇ ಇತ್ತು, ಆದುದರಿಂದ ಕೂಲಿಯ ಖರ್ಚು ಹೆಚ್ಚೇ ಬಿತ್ತು. ಅದರಲ್ಲಿ ನಮ್ಮ ಪಾಲೆಂದು ಸ್ವಲ್ಪ ಹಣವನ್ನು ಕೊಡಲು ಹೋದೆವು. ಅವರು ತೆಗೆದುಕೊಳ್ಳಲಿಲ್ಲ. "ನೀವು ಬಂದು ಕಳೆ ಕಿತ್ರೆ ಸಾಕ್ರಿ" ಎಂದು ನಕ್ಕರು. ನಾವು ಹೋಗಿ ಒಂದು ಹೊತ್ತು ಕಿತ್ತೆವು, ಸೊಂಟ ಹಿಡಿದುಕೊಂಡಿತು. 2024ರ ಸುಗ್ಗಿಯಲ್ಲಿ ಎಕರೆಗೆ 29 ಚೀಲವಾಯಿತೆಂದು ಹೇಳಿದರು. ಮೇಲಿನ ಹೊಲದ ಕೊನ್ನಾರಿ ಮಾತ್ರ ಬೇಸಗೆಯ ಉಳುಮೆಯಿಂದ ಅರ್ಧಕ್ಕೆ ಇಳಿದಿದೆಯೇ ಹೊರತು ಹೋಗಿಲ್ಲ.

ಹೋದ ತಿಂಗಳು ಅದೇ ಹೊಲದ ಬದುವಿನಲ್ಲಿ, ಕೊನ್ನಾರಿಯ ನಡುವೆಯೇ, ಒಂದು ಗಿಡ ಸಿಕ್ಕಿತು. ಬುಡದಲ್ಲಿ ಉಬ್ಬಿದೆ, ದಾರವಿದೆ, ಗಡ್ಡೆಯೊಂದೇ ಇದೆ. ಎಲೆಯ ತುದಿ ನೀಳವಾಗಿದೆ. ಗೌಡರ ಮಗಳಿಗೆ ಅದರ ಚಿತ್ರವನ್ನು ಕಳುಹಿಸಿದೆವು. ತೆನೆ ಬರುವವರೆಗೆ ಏನೂ ಹೇಳಬೇಡಿರೆಂದು ಉತ್ತರ ಬಂದಿದೆ. ಗಿಡದ ಪಕ್ಕ ಒಂದು ಬಿದಿರುಕಡ್ಡಿ ನೆಟ್ಟು ಬಂದಿದ್ದೇವೆ. ನೋಟುಪುಸ್ತಕದ ಆ ಪುಟದಲ್ಲಿ ಹೆಸರಿನ ಜಾಗ ಖಾಲಿಯಿದೆ.